ಅಟ್ಲಾಸ್ ಹೊತ್ತದ್ದು ಭೂಮಿಯನ್ನಲ್ಲ

ಪ್ರಶ್ನೆ: ನಮ್ಮ ತಾಯಿಯವರ ಕತ್ತಿನ ಎಕ್ಸ್‌ರೇ ವರದಿಯಲ್ಲಿ 'ಅಟ್ಲಾಸ್' ಎಂದು ಬರೆದಿದ್ದಾರೆ. ಮಗಳ ಶಾಲೆಯ ಬ್ಯಾಗಿನಲ್ಲಿ ನಕಾಶೆಗಳ ಅಟ್ಲಾಸ್ ಇದೆ. ಪತ್ರಿಕೆಯಲ್ಲಿ ಅಟ್ಲಾಸ್ ಧೂಮಕೇತುವಿನ ಸುದ್ದಿ ಬರುತ್ತದೆ, ಮಳೆಗಾಲದಲ್ಲಿ ತೋಟದ ಮನೆಯ ಗೋಡೆಗೆ ಬಂದು ಕೂರುವ ದೊಡ್ಡ ಪತಂಗವೂ ಅಟ್ಲಾಸ್, ತಂದೆಯವರು ತುಳಿಯುತ್ತಿದ್ದ ಸೈಕಲ್ಲೂ ಅಟ್ಲಾಸ್. ಉಜ್ಬೆಕಿಸ್ತಾನದಿಂದ ಬಂದ ಸ್ನೇಹಿತರು ಕೊಟ್ಟ ರೇಷ್ಮೆ ಬಟ್ಟೆಗೂ ಅದೇ ಹೆಸರಂತೆ. ಭೂಮಿಯನ್ನು ಹೊತ್ತ ಗ್ರೀಕ್ ದೈತ್ಯನ ಹೆಸರನ್ನೇ ನಕಾಶೆ ಪುಸ್ತಕಕ್ಕೆ ಇಟ್ಟಿದ್ದಾರೆ ಎಂದು ಮಗಳು ಓದಿಕೊಂಡಿದ್ದಾಳೆ. ಹಾಗಾದರೆ ಅವನು ನಮ್ಮ ಆದಿಶೇಷನಂತೆಯೇ? ಇವೆಲ್ಲ ಒಂದೇ ಹೆಸರೇ?

ಉತ್ತರ: ನೀವು ಹೇಳಿದವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಗ್ರೀಕ್ ಹೆಸರಿನಿಂದ ಬಂದವು. ಆ ಒಂದು ಯಾವುದೆಂದು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕಿಂತ ಮೊದಲು ನಿಮ್ಮ ಮಗಳು ಓದಿದ ವಾಕ್ಯವನ್ನು ತಿದ್ದಬೇಕು. ಅವಳ ತಪ್ಪೇನೂ ಇಲ್ಲ, ಎಷ್ಟೋ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಹಾಗೆಯೇ ಅಚ್ಚಾಗಿದೆ. ಆದರೆ ಆ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಅಟ್ಲಾಸ್ ಭೂಮಿಯನ್ನು ಹೊರಲಿಲ್ಲ. ನಕಾಶೆ ಪುಸ್ತಕಕ್ಕೆ ಹೆಸರು ಕೊಟ್ಟವನೂ ಆ ದೈತ್ಯನಲ್ಲ.

ಗ್ರೀಕರ ಹಳೆಯ ಕವಿ ಹೆಸಿಯಡ್ ದೇವತೆಗಳ ವಂಶಾವಳಿಯನ್ನು ಹಾಡಿದ ಕಾವ್ಯದಲ್ಲಿ ಅಟ್ಲಾಸ್ ಟೈಟನ್ನರೆಂಬ ಹಳೆಯ ದೇವಪೀಳಿಗೆಯ ಕುಲದವನು, ಇಯಾಪೆಟಸನ ಮಗ. ದೇವರಿಂದ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟ ಪ್ರೊಮೀಥಿಯಸ್ ಇವನ ಸ್ವಂತ ತಮ್ಮ. ದೇವತೆಗಳ ಒಡೆಯ ಜ್ಯೂಸ್ ವಿಧಿಸಿದ ಪಾಲಿನಂತೆ ಅಟ್ಲಾಸ್ ಲೋಕದ ಪಶ್ಚಿಮದ ಕೊನೆಯಲ್ಲಿ ನಿಂತು, ತಲೆ ಮತ್ತು ದಣಿಯದ ತೋಳುಗಳಿಂದ ವಿಶಾಲವಾದ ಆಕಾಶವನ್ನು ಎತ್ತಿ ಹಿಡಿದಿದ್ದಾನೆ. ಅವನ ಕಾಲ ಕೆಳಗೆ ಭೂಮಿ, ತಲೆಯ ಮೇಲೆ ಬಾನು. ಟೈಟನ್ನರಿಗೂ ಜ್ಯೂಸನ ಪಕ್ಷಕ್ಕೂ ನಡೆದ ಯುದ್ಧದಲ್ಲಿ ಇವನೇ ಮುಂದಾಳಾಗಿದ್ದ, ಅದಕ್ಕೇ ಈ ಶಿಕ್ಷೆ ಎಂಬ ವಿವರಣೆ ನಂತರದವರದು. ಹೋಮರನ ಒಡಿಸ್ಸಿಯಲ್ಲಿ ಚಿತ್ರ ಕೊಂಚ ಬೇರೆ. ಅಲ್ಲಿ ಅಟ್ಲಾಸ್ ಎಲ್ಲ ಕಡಲುಗಳ ಆಳವನ್ನು ಬಲ್ಲವನು, ಭೂಮಿಯನ್ನೂ ಆಕಾಶವನ್ನೂ ಬೇರೆ ಬೇರೆಯಾಗಿ ಇಟ್ಟಿರುವ ಎತ್ತರದ ಕಂಬಗಳು ಅವನ ವಶದಲ್ಲಿವೆ. 'ಕಡಲ ಆಳವನ್ನು ಬಲ್ಲವನು' ಎಂಬ ಮಾತನ್ನು ನೆನಪಿಡಿ. ಬಲಶಾಲಿ ಎಂಬುದರ ಜೊತೆಗೆ ಬಲ್ಲವನು ಎಂಬ ಎಳೆ ಮೊದಲಿನಿಂದಲೇ ಈ ಹೆಸರಿಗೆ ಅಂಟಿಕೊಂಡಿತ್ತು.

ಆದಿಶೇಷನಿಗೂ ಇವನಿಗೂ ವ್ಯತ್ಯಾಸ ಇಲ್ಲೇ ಇದೆ. ನಮ್ಮ ಪುರಾಣಗಳಲ್ಲಿ ಭಾರವೆಂದರೆ ಭೂಭಾರ. ಶೇಷ, ಕೂರ್ಮ, ದಿಗ್ಗಜ ಎಲ್ಲರೂ ಕೆಳಗಿದ್ದು ಭೂಮಿಯನ್ನು ಹೊರುತ್ತಾರೆ. ಗ್ರೀಕರ ಆತಂಕ ಮೇಲಿನದು, ಬಾನು ಕಳಚಿ ಬಿದ್ದರೆ ಏನು ಗತಿ ಎಂಬುದು. ಶೇಷ ಹೊರುವುದು ಲೋಕಧಾರಣೆಯ ಗೌರವದ ಕೆಲಸ, ಅಟ್ಲಾಸ್ ಹೊರುವುದು ಸೋತವನ ಶಿಕ್ಷೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಇಬ್ಬರ ಕಥೆಯೂ ಕೆಡುತ್ತದೆ.

ಕಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಹರ್ಕ್ಯುಲಿಸನ ಹನ್ನೊಂದನೆಯ ಸಾಹಸ. ಹೆಸ್ಪೆರಿಡ್ ಕನ್ಯೆಯರ ತೋಟದ ಚಿನ್ನದ ಸೇಬುಗಳನ್ನು ತರಬೇಕಾಗಿರುತ್ತದೆ. 'ನಾನು ಹೋಗಿ ತರುತ್ತೇನೆ, ಅಲ್ಲಿಯವರೆಗೆ ಆಕಾಶವನ್ನು ನೀನು ಹಿಡಿದುಕೋ' ಎಂದು ಅಟ್ಲಾಸ್ ಹೊರಡುತ್ತಾನೆ. ಹಣ್ಣು ತಂದವನಿಗೆ ಬಿಡುಗಡೆಯ ರುಚಿ ಹತ್ತಿಬಿಡುತ್ತದೆ, ಮತ್ತೆ ಹೊರಲು ಮನಸ್ಸಿಲ್ಲ. ಹರ್ಕ್ಯುಲಿಸ್ ಒಪ್ಪಿದಂತೆ ನಟಿಸಿ, 'ತಲೆಗೊಂದು ಸಿಂಬಿ ಇಟ್ಟುಕೊಳ್ಳುತ್ತೇನೆ, ಒಂದು ಗಳಿಗೆ ಹಿಡಿ' ಎನ್ನುತ್ತಾನೆ. ಪಾಪ, ಅಟ್ಲಾಸ್ ಹಿಡಿಯುತ್ತಾನೆ. ಹರ್ಕ್ಯುಲಿಸ್ ಸೇಬು ಎತ್ತಿಕೊಂಡು ನಡೆದೇಬಿಡುತ್ತಾನೆ. ಒಲಿಂಪಿಯಾದ ಜ್ಯೂಸ್ ದೇವಾಲಯಕ್ಕೆ ಕ್ರಿ.ಪೂ. 5ನೇ ಶತಮಾನದಲ್ಲಿ ಕೆತ್ತಿದ ಫಲಕಗಳಲ್ಲಿ ಈ ದೃಶ್ಯ ಇಂದಿಗೂ ಉಳಿದಿದೆ. ಹರ್ಕ್ಯುಲಿಸ್ ಹೆಗಲ ಮೇಲೆ ಮೆತ್ತೆ ಇಟ್ಟುಕೊಂಡು ಭಾರ ತಡೆದಿದ್ದಾನೆ, ಹಿಂದೆ ಅಥೀನಾ ದೇವಿ ಒಂದೇ ಕೈಯನ್ನು ಮೇಲೆತ್ತಿ ಸಲೀಸಾಗಿ ಆಸರೆ ಕೊಟ್ಟಿದ್ದಾಳೆ, ಎದುರಿಗೆ ಅಟ್ಲಾಸ್ ಅಂಗೈ ಚಾಚಿ ಸೇಬು ತೋರಿಸುತ್ತಿದ್ದಾನೆ. ಅಲ್ಲಿ ಗೋಳ ಎಂಬುದೇ ಇಲ್ಲ.

ಹಾಗಾದರೆ ಅವನ ಹೆಗಲ ಮೇಲೆ ಚೆಂಡು ಬಂದದ್ದು ಹೇಗೆ? ಇಟಲಿಯ ನೇಪಲ್ಸ್ ನಗರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ 'ಫಾರ್ನೀಸೆ ಅಟ್ಲಾಸ್' ಎಂಬ ಅಮೃತಶಿಲೆಯ ವಿಗ್ರಹವಿದೆ. ಕ್ರಿ.ಶ. 2ನೇ ಶತಮಾನದ ರೋಮನ್ ಕೆಲಸ, ಅದಕ್ಕೂ ಹಿಂದಿನ ಗ್ರೀಕ್ ಮಾದರಿಯನ್ನು ನೋಡಿ ಮಾಡಿದ್ದು. ಒಂದು ಮಂಡಿ ಊರಿ, ಕತ್ತು ಬಗ್ಗಿಸಿ, ದೊಡ್ಡ ಗೋಳವೊಂದನ್ನು ಹೊತ್ತಿದ್ದಾನೆ. ದೂರದಿಂದ ನೋಡಿದವರಿಗೆ ಅದು ಭೂಗೋಳ. ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ದೇಶವೂ ಇಲ್ಲ, ಸಮುದ್ರವೂ ಇಲ್ಲ. ಇರುವುದು ವೃಷಭ, ಸಿಂಹ, ಹಡಗು, ಹಂಸ, ಅಂದರೆ ನಕ್ಷತ್ರಪುಂಜಗಳ ಉಬ್ಬುಶಿಲ್ಪ. ಅದು ಖಗೋಳ, ಆಕಾಶವನ್ನೇ ಹೊರಗಿನಿಂದ ನೋಡಿದಂತೆ ಕಡೆದದ್ದು. ಪುಂಜಗಳು ಮಾಸಿಹೋದ, ಅಥವಾ ಪುಂಜಗಳನ್ನೇ ಕೆತ್ತದ ಪ್ರತಿಗಳು ಹೆಚ್ಚುತ್ತಾ ಹೋದಂತೆ ನೋಡುಗರ ಕಣ್ಣಿಗೆ ಆ ಚೆಂಡು ಭೂಮಿಯಾಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಮುಂದೆ 1937ರಲ್ಲಿ ನಿಲ್ಲಿಸಿದ ಕಂಚಿನ ಅಟ್ಲಾಸ್ ಈ ವಿಷಯದಲ್ಲಿ ಸರಿಯಾಗಿದ್ದಾನೆ, ಅವನು ಹೊತ್ತಿರುವುದು ಬಳೆಗಳಿಂದಾದ ಖಗೋಳ ಚೌಕಟ್ಟು.

ಹೊರುವ ಈ ಭಂಗಿ ಕಟ್ಟಡಗಳಿಗೂ ಇಳಿಯಿತು. ಕಂಬದ ಬದಲು ನಿಂತು ಮೇಲಿನ ಭಾರ ಹೊರುವ ಗಂಡು ವಿಗ್ರಹಗಳಿಗೆ ಯುರೋಪಿನ ವಾಸ್ತುಶಿಲ್ಪದಲ್ಲಿ 'ಅಟ್ಲಾಂಟೀಸ್' ಎಂದೇ ಹೆಸರು, ಅಟ್ಲಾಸ್ ಪದದ ಬಹುವಚನ. ಸಿಸಿಲಿಯ ಅಗ್ರಿಜೆಂಟೊದಲ್ಲಿ ಏಳೂವರೆ ಮೀಟರಿಗೂ ಎತ್ತರದ ಇಂಥ ಕಲ್ಲಿನ ದೈತ್ಯರ ಅವಶೇಷಗಳಿವೆ. ಗ್ರೀಕ್ ಶೈಲಿ ನಮ್ಮ ಉಪಖಂಡವನ್ನು ಮುಟ್ಟಿದ ಗಾಂಧಾರದಲ್ಲಿ, ಬೌದ್ಧ ಸ್ತೂಪಗಳ ಬುಡದಲ್ಲಿ, ಕುಕ್ಕುರುಗಾಲಲ್ಲಿ ಕೂತ ಗಟ್ಟಿ ಮೈಕಟ್ಟಿನ ಅಟ್ಲಾಸರು ಸಾಲಾಗಿ ಬರುತ್ತಾರೆ, ಕೆಲವರಿಗೆ ರೆಕ್ಕೆಯೂ ಉಂಟು. ಬಾದಾಮಿಯ ಗುಹೆಗಳ ಅಧಿಷ್ಠಾನದಲ್ಲಿ ಸಾಲುಗಟ್ಟಿರುವ ಕುಳ್ಳ ಗಣಗಳನ್ನು ನೋಡಿದವರಿಗೆ ಇವರ ನೆನಪಾಗುವುದು ಸಹಜ. ಆದರೆ ಕುಣಿಯುತ್ತ, ವಾದ್ಯ ನುಡಿಸುತ್ತ, ಹಲ್ಲು ಕಿರಿಯುತ್ತ ಇರುವ ಆ ಗಣಗಳು ಶಿವನ ಪರಿವಾರದವು, ಅವುಗಳದು ನಮ್ಮದೇ ಯಕ್ಷ-ಗಣ ಪರಂಪರೆ.

ಈಗ ನಕಾಶೆ ಪುಸ್ತಕಕ್ಕೆ ಬರೋಣ, ನನಗೆ ಬಹಳ ಇಷ್ಟವಾದ ಭಾಗವಿದು. ಒಂದೇ ಅಳತೆಯ ನಕಾಶೆಗಳನ್ನು ಕ್ರಮವಾಗಿ ಜೋಡಿಸಿ ಹೊಲಿದ ಮೊದಲ ಆಧುನಿಕ ಸಂಪುಟ 1570ರಲ್ಲಿ ಆಂಟ್ವರ್ಪಿನಲ್ಲಿ ಹೊರಬಂತು. ಅದನ್ನು ಮಾಡಿದವರು ಅಬ್ರಹಾಂ ಆರ್ಟೀಲಿಯಸ್. ಅದಕ್ಕೆ ಅವರು ಅಟ್ಲಾಸ್ ಎನ್ನಲಿಲ್ಲ, 'ಭೂಮಂಡಲದ ರಂಗಸ್ಥಳ' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು. ಅವರ ಗೆಳೆಯ ಗೆರಾರ್ಡಸ್ ಮರ್ಕೇಟರ್ ಇನ್ನೂ ದೊಡ್ಡದೊಂದು ಕೆಲಸಕ್ಕೆ ಕೈ ಹಾಕಿದ್ದರು. 1569ರ ತಮ್ಮ ಪ್ರಪಂಚ ನಕಾಶೆಯಿಂದ ನಾವಿಕರಿಗೆ ದಿಕ್ಕು ತೋರಿದ ಮರ್ಕೇಟರ್ ಇವರೇ. ಅವರ ಮನಸ್ಸಿನಲ್ಲಿದ್ದದ್ದು ಬರೀ ನಕಾಶೆಗಳಲ್ಲ. ಲೋಕದ ಸೃಷ್ಟಿ, ಆಕಾಶ, ಭೂಮಿ, ಇತಿಹಾಸ ಎಲ್ಲವನ್ನೂ ಒಂದೇ ಯೋಜನೆಯಲ್ಲಿ ಹಿಡಿಯಬೇಕೆಂಬ ಆಸೆ. ಮುಗಿಸಲು ಆಯುಷ್ಯ ಸಾಲಲಿಲ್ಲ, 1594ರಲ್ಲಿ ತೀರಿಕೊಂಡರು. ಮರುವರ್ಷ, 1595ರಲ್ಲಿ, ಮಗ ರುಮೋಲ್ಡ್ ಅದನ್ನು ಪ್ರಕಟಿಸಿದರು. ಹೆಸರು 'ಅಟ್ಲಾಸ್', ಜೊತೆಗೆ ಜಗತ್ತಿನ ರಚನೆಯ ಕುರಿತ ಚಿಂತನೆಗಳು ಎಂಬ ಅರ್ಥದ ಉದ್ದನೆಯ ಉಪಶೀರ್ಷಿಕೆ.

ಯಾವ ಅಟ್ಲಾಸ್ ಎಂಬುದನ್ನು ಮರ್ಕೇಟರ್ ಮುನ್ನುಡಿಯಲ್ಲಿ ವಂಶಾವಳಿ ಸಮೇತ ವಿವರಿಸಿದ್ದಾರೆ. ಅವನು ಮಾರಿಟೇನಿಯಾದ ರಾಜ. (ಈಗಿನ ಮಾರಿಟೇನಿಯಾ ದೇಶವಲ್ಲ, ಇಂದಿನ ಮೊರಾಕ್ಕೊ ಮತ್ತು ಅಲ್ಜೀರಿಯಾದ ಭಾಗಗಳಿಗಿದ್ದ ಹಳೆಯ ಹೆಸರು.) ತತ್ತ್ವಜ್ಞಾನಿ, ಗಣಿತಜ್ಞ, ನಕ್ಷತ್ರಗಳನ್ನು ಅರಿತವನು, ಮೊದಲ ಖಗೋಳವನ್ನು ಮಾಡಿದವನು ಎಂಬ ಖ್ಯಾತಿ ಅವನದು. ಇದು ಮರ್ಕೇಟರ್ ಕಟ್ಟಿದ ಕಥೆಯೂ ಅಲ್ಲ. ಕ್ರಿ.ಪೂ. 1ನೇ ಶತಮಾನದ ಇತಿಹಾಸಕಾರ ಡಯೊಡೋರಸ್ ಆಗಲೇ ಬರೆದಿಟ್ಟಿದ್ದ: ಅಟ್ಲಾಸ್ ನಕ್ಷತ್ರವಿದ್ಯೆಯಲ್ಲಿ ಪಾರಂಗತನಾಗಿ ಗೋಳದ ತತ್ತ್ವವನ್ನು ಜನರಿಗೆ ಮೊದಲು ತಿಳಿಸಿದ, ಆದ್ದರಿಂದಲೇ ಅವನು ಇಡೀ ಆಕಾಶವನ್ನು ಹೆಗಲ ಮೇಲೆ ಹೊತ್ತಿದ್ದಾನೆಂಬ ನಂಬಿಕೆ ಹುಟ್ಟಿತು. ಹೊರುವವನು ಇಲ್ಲಿ ತಿಳಿದವನಾದ. ಮರ್ಕೇಟರನ ಮುಖಪುಟದ ಅಟ್ಲಾಸ್ ಭಾರಕ್ಕೆ ಕುಗ್ಗಿಲ್ಲ. ಆರಾಮವಾಗಿ ಕೂತು ಗೋಳವನ್ನು ಕೈಯಲ್ಲಿ ಹಿಡಿದು ಪರಿಶೀಲಿಸುತ್ತಿದ್ದಾನೆ. ಆದ್ದರಿಂದ ಮಗಳಿಗೆ ಹೀಗೆ ಹೇಳಿ: ಅವಳ ಬ್ಯಾಗಿನಲ್ಲಿರುವ ಪುಸ್ತಕಕ್ಕೆ ಒಬ್ಬ ವಿದ್ವಾಂಸ ರಾಜನ ಹೆಸರಿದೆ.

ಯೊಡೋಕಸ್ ಹೊಂಡಿಯಸ್ ಎಂಬವರು ಮರ್ಕೇಟರನ ತಾಮ್ರದ ಅಚ್ಚುಗಳನ್ನು ಕೊಂಡು 1606ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊಸ ಆವೃತ್ತಿಗಳನ್ನು ತಂದ ಮೇಲೆ ಈ ಪುಸ್ತಕ ಮನೆಮಾತಾಯಿತು, ಮುಂದೆ ಯಾರದೇ ನಕಾಶೆ ಸಂಪುಟವಾದರೂ ಅಟ್ಲಾಸ್ ಎನಿಸಿಕೊಂಡಿತು. ಅಲ್ಲಿಂದ ಇನ್ನೊಂದು ಹೆಜ್ಜೆ: ಚಿತ್ರಗಳಿಂದ ತುಂಬಿದ ಯಾವುದೇ ವ್ಯವಸ್ಥಿತ ಸಂಪುಟವೂ ಅಟ್ಲಾಸ್. ವೈದ್ಯಕೀಯ ವಿದ್ಯಾರ್ಥಿಗಳ ಕೈಯಲ್ಲಿರುವ ಶರೀರರಚನೆಯ ಅಟ್ಲಾಸ್, ಹಕ್ಕಿಗಳ ಹರವು ತೋರಿಸುವ ಅಟ್ಲಾಸ್, ಮನುಷ್ಯನ ಜೀವಕೋಶಗಳನ್ನೆಲ್ಲ ಗುರುತಿಸಲು 2016ರಲ್ಲಿ ಆರಂಭವಾದ ಹ್ಯೂಮನ್ ಸೆಲ್ ಅಟ್ಲಾಸ್ ಯೋಜನೆ ಎಲ್ಲವೂ ಮರ್ಕೇಟರನ ಪುಸ್ತಕದ ಸಂತತಿ. ನಮ್ಮ ದೇಶದ ರಾಷ್ಟ್ರೀಯ ಅಟ್ಲಾಸಿಗಾಗಿ 1956ರಲ್ಲಿ ಭೂಗೋಳ ತಜ್ಞ ಎಸ್.ಪಿ. ಚಟರ್ಜಿಯವರ ನೇತೃತ್ವದಲ್ಲಿ ಕೋಲ್ಕತ್ತದಲ್ಲಿ ಪ್ರತ್ಯೇಕ ಸಂಸ್ಥೆಯೇ ಶುರುವಾಯಿತು.

ತಾಯಿಯವರ ವರದಿಯಲ್ಲಿರುವ ಅಟ್ಲಾಸ್ ಮಾತ್ರ ಈ ವಿದ್ವಾಂಸನಲ್ಲ, ಅದು ಹೊರುವ ಅಟ್ಲಾಸೇ. ಆ ಪದ ಕಂಡು ಗಾಬರಿಯಾಗಬೇಡಿ. ಅದು ಕಾಯಿಲೆಯ ಹೆಸರಲ್ಲ, ಎಲ್ಲರ ಕತ್ತಿನಲ್ಲೂ ಇರುವ ಒಂದು ಮೂಳೆಯ ಹೆಸರು. ಕತ್ತಿನಲ್ಲಿ ಏಳು ಮಣಿಗಳಿವೆ, ತೀರಾ ಮೇಲಿನದು ಅಟ್ಲಾಸ್. ತಲೆಬುರುಡೆ ನೇರವಾಗಿ ಅದರ ಮೇಲೆ ಕೂತಿದೆ. ತಲೆಯೆಂಬ ಗೋಳವನ್ನು ಹೊತ್ತ ಮೂಳೆಗೆ ಆಕಾಶ ಹೊತ್ತವನ ಹೆಸರು, ಇದಕ್ಕಿಂತ ಚೆನ್ನಾಗಿ ಹೊಂದುವ ಬಳಕೆ ಇನ್ನೊಂದಿಲ್ಲ. ವಿಚಿತ್ರವೆಂದರೆ ಬೆನ್ನಿನ ಉಳಿದ ಮಣಿಗಳಿಗೆ ಭಾರ ತಡೆಯಲು ಇರುವ ಗಟ್ಟಿ ತುಂಡು ಇದಕ್ಕಿಲ್ಲ. ಇದೊಂದು ಬಳೆ, ಅಷ್ಟೇ. ಗರ್ಭದಲ್ಲಿ ಬೆಳೆಯುವಾಗ ಅಟ್ಲಾಸಿಗೆ ಸೇರಬೇಕಾದ ಆ ತುಂಡು ಕೆಳಗಿನ ಎರಡನೆಯ ಮಣಿಗೆ ಬೆಸೆದುಕೊಂಡು, ಗೂಟದಂತೆ ಮೇಲೆದ್ದು ಬಳೆಯೊಳಗೆ ನಿಲ್ಲುತ್ತದೆ. ಎರಡನೆಯದರ ಹೆಸರು ಆಕ್ಸಿಸ್, ಅಚ್ಚು. ನೀವು ಹೌದೆಂದು ತಲೆ ಆಡಿಸುವಾಗ ಮುಖ್ಯವಾಗಿ ಕೆಲಸ ಮಾಡುವುದು ಬುರುಡೆಗೂ ಅಟ್ಲಾಸಿಗೂ ನಡುವಿನ ಕೀಲು. ಇಲ್ಲವೆಂದು ತಲೆ ಅಲ್ಲಾಡಿಸುವಾಗ ಅಟ್ಲಾಸ್ ಬಳೆ ಬುರುಡೆಯನ್ನು ಹೊತ್ತುಕೊಂಡೇ ಆ ಗೂಟದ ಸುತ್ತ ತಿರುಗುತ್ತದೆ. ಕತ್ತು ಎಡಕ್ಕೂ ಬಲಕ್ಕೂ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಈ ಒಂದು ಕೀಲಿನದೇ. ಬೆನ್ನುಹುರಿ ಹಾದುಹೋಗುವುದೂ ಇದೇ ಬಳೆಯೊಳಗಿಂದ. ವರದಿಯಲ್ಲಿ ಆ ಪದದ ಮುಂದೆ ಏನು ಬರೆದಿದ್ದಾರೆಂಬುದೇ ಮುಖ್ಯ, ಅದನ್ನು ನೋಡಿದ ವೈದ್ಯರ ಬಳಿಯೇ ಕೇಳಿ ತಿಳಿದುಕೊಳ್ಳಿ.

ಪರ್ವತ ಮತ್ತು ಸಾಗರಗಳನ್ನು ನೀವು ಕೇಳಿಲ್ಲ, ಆದರೂ ಬಿಡಲಾಗದು. ಹೊರುವವನು ನಿಂತಿದ್ದು ಗ್ರೀಕರಿಗೆ ಗೊತ್ತಿದ್ದ ಲೋಕದ ಪಶ್ಚಿಮದ ಅಂಚಿನಲ್ಲಿ. ಅಲ್ಲಿದ್ದ ಬೆಟ್ಟಕ್ಕೆ ಅವನ ಹೆಸರು ಬಂತು. ಶಿಖರ ಕಾಣದಷ್ಟು ಎತ್ತರದ, ಮೋಡ ಎಂದೂ ಬಿಡದ ಆ ಬೆಟ್ಟವನ್ನು ಅಲ್ಲಿಯವರು ಆಕಾಶದ ಕಂಬ ಎನ್ನುತ್ತಾರೆಂದು ಕ್ರಿ.ಪೂ. 5ನೇ ಶತಮಾನದಲ್ಲೇ ಹೆರೊಡೋಟಸ್ ಬರೆದಿದ್ದಾನೆ. ವೀರ ಪರ್ಸಿಯಸ್, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ತಲೆ ತೋರಿಸಿ ಅಟ್ಲಾಸನನ್ನು ಬೆಟ್ಟವಾಗಿಸಿದ, ಅವನ ಗಡ್ಡ ಮತ್ತು ಕೂದಲು ಕಾಡಾಯಿತು, ಮೂಳೆ ಬಂಡೆಯಾಯಿತು ಎಂಬ ಕಥೆಯನ್ನು ರೋಮನ್ ಕವಿ ಓವಿಡ್ ಹೇಳುತ್ತಾನೆ. ಕಾಲದ ಲೆಕ್ಕ ಹಿಡಿದರೆ ಇದು ಹೊಂದುವುದಿಲ್ಲ, ಏಕೆಂದರೆ ಹರ್ಕ್ಯುಲಿಸ್ ಪರ್ಸಿಯಸನ ವಂಶದಲ್ಲಿ ನಂತರ ಹುಟ್ಟಿದವನು. ಪುರಾಣಗಳು ಅಂಥ ಲೆಕ್ಕಕ್ಕೆ ಕಾಯುವುದಿಲ್ಲ. ಇಂದು ಅಟ್ಲಾಸ್ ಎನ್ನುವುದು ಮೊರಾಕ್ಕೊದಿಂದ ಟ್ಯುನೀಶಿಯಾದವರೆಗೆ ಚಾಚಿದ ಪರ್ವತ ಶ್ರೇಣಿಗಳನ್ನು. ತುಬ್ಕಾಲ್ ಶಿಖರ 4,167 ಮೀಟರ್. 2023ರ ಸೆಪ್ಟೆಂಬರಿನಲ್ಲಿ ಸುಮಾರು ಮೂರು ಸಾವಿರ ಜನರನ್ನು ಬಲಿ ತೆಗೆದುಕೊಂಡ ಮೊರಾಕ್ಕೊ ಭೂಕಂಪದ ಕೇಂದ್ರ ಈ ಶ್ರೇಣಿಯಲ್ಲೇ ಇತ್ತು. ಆ ದೇಶದ ಫುಟ್‌ಬಾಲ್ ತಂಡಕ್ಕೆ 'ಅಟ್ಲಾಸ್ ಸಿಂಹಗಳು' ಎಂಬ ಬಿರುದು ಬಂದದ್ದೂ ಇಲ್ಲಿಂದಲೇ. ಬೆಟ್ಟದಾಚೆಯ ಕಡಲು ಅಟ್ಲಾಸನ ಕಡಲು, ಅಟ್ಲಾಂಟಿಕ್. ಪ್ಲೇಟೋ ವರ್ಣಿಸಿದ ಮುಳುಗಿದ ದ್ವೀಪ ಅಟ್ಲಾಂಟಿಸಿನ ಮೊದಲ ರಾಜನೂ ಅಟ್ಲಾಸ್ ಎಂಬವನೇ, ಆದರೆ ಅವನು ಸಮುದ್ರದೇವ ಪೊಸೈಡನನ ಮಗ, ಬೇರೆಯವನು.

ತೋಟದ ಪತಂಗಕ್ಕೆ ಹೋಗೋಣ. ಪಶ್ಚಿಮ ಘಟ್ಟದಲ್ಲೂ ಇರುವ ಇದರ ರೆಕ್ಕೆಯ ಅಗಲ 24 ಸೆಂಟಿಮೀಟರಿನವರೆಗೂ ಹೋಗುತ್ತದೆ, ರೆಕ್ಕೆಯ ತುದಿಯಲ್ಲಿ ಹಾವಿನ ಹೆಡೆಯಂಥ ಗುರುತು. ರೆಕ್ಕೆಯ ಮೇಲಿನ ಬಣ್ಣಗಳು ನಕಾಶೆಯಂತಿರುವುದರಿಂದ ಈ ಹೆಸರು ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 1758ರಲ್ಲಿ ಹೆಸರಿಟ್ಟ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಅದೇ ವರ್ಷ, ಅದೇ ಗ್ರಂಥದಲ್ಲಿ, ಒಂದು ಭಾರೀ ಕೊಂಬಿನ ಜೀರುಂಡೆಗೂ ಅಟ್ಲಾಸ್ ಎಂದು, ಇನ್ನೊಂದಕ್ಕೆ ಹರ್ಕ್ಯುಲಿಸ್ ಎಂದು ಹೆಸರಿಟ್ಟ. ಆ ಕಪ್ಪು ಜೀರುಂಡೆಯ ಮೈಮೇಲೆ ಯಾವ ನಕಾಶೆಯೂ ಇಲ್ಲ. ಅವನು ತೆಗೆದುಕೊಂಡದ್ದು ದೈತ್ಯನ ಗಾತ್ರವನ್ನು. ನಿಮ್ಮ ಗೋಡೆಗೆ ಬಂದು ಕೂತ ಪತಂಗವನ್ನು ಓಡಿಸಬೇಡಿ. ಪ್ರೌಢಾವಸ್ಥೆಯಲ್ಲಿ ಅದಕ್ಕೆ ತಿನ್ನುವ ಬಾಯಿಯೇ ಇಲ್ಲ, ಹುಳುವಾಗಿದ್ದಾಗ ಕೂಡಿಟ್ಟ ಶಕ್ತಿಯಲ್ಲೇ ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ.

ತಂದೆಯವರ ಸೈಕಲ್ ಹರಿಯಾಣದ ಸೋನಿಪತ್‌ನಲ್ಲಿ 1951ರಲ್ಲಿ ಶುರುವಾದ ಕಂಪನಿಯದು. ಎಷ್ಟು ಹೇರಿದರೂ ಹೊರುತ್ತದೆ ಎಂಬ ಭಾವ ಆ ಹೆಸರಲ್ಲಿದೆ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಅದನ್ನು ನಿಜವೂ ಮಾಡಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅದರ ಉಳಿದಿದ್ದ ಕಾರ್ಖಾನೆಯ ಕೆಲಸ ನಿಂತಿತು.

ಆಕಾಶದಲ್ಲಿ ಈ ಹೆಸರು ಹಲವು ಕಡೆ ಇದೆ. ನಾವು ಕೃತ್ತಿಕೆ ಎನ್ನುವ ನಕ್ಷತ್ರಗುಚ್ಛ ಗ್ರೀಕರಿಗೆ ಅಟ್ಲಾಸನ ಏಳು ಹೆಣ್ಣುಮಕ್ಕಳು. ನಮಗೆ ಅವರು ಕಾರ್ತಿಕೇಯನಿಗೆ ಹಾಲೂಡಿದ ಆರು ತಾಯಂದಿರು. ಗುಚ್ಛದ ಒಂದು ಅಂಚಿನಲ್ಲಿ ಅಕ್ಕಪಕ್ಕ ಇರುವ ಎರಡು ನಕ್ಷತ್ರಗಳಿಗೆ ತಂದೆ ಅಟ್ಲಾಸ್, ತಾಯಿ ಪ್ಲಿಯೋನೆ ಎಂದು ಹೆಸರು. ಚಂದ್ರನ ಮೇಲೆ ಅಟ್ಲಾಸ್ ಕುಳಿಯ ಮಗ್ಗುಲಲ್ಲೇ ಹರ್ಕ್ಯುಲಿಸ್ ಕುಳಿ ಇದೆ. 2023ರ ಏಪ್ರಿಲಿನಲ್ಲಿ ಜಪಾನಿನ ಖಾಸಗಿ ನೌಕೆಯೊಂದು ಇಳಿಯಲು ಹೋಗಿ ವಿಫಲವಾದದ್ದು ಅಟ್ಲಾಸ್ ಕುಳಿಯಲ್ಲಿ. ಶನಿಯ ಎ ಉಂಗುರದ ಹೊರ ಅಂಚಿಗೆ ಅಂಟಿದಂತೆ ಸುತ್ತುವ ಪುಟ್ಟ ಚಂದ್ರನನ್ನು 1980ರಲ್ಲಿ ವಾಯೇಜರ್ ನೌಕೆಯ ಚಿತ್ರಗಳಲ್ಲಿ ಕಂಡಾಗ, ಉಂಗುರವನ್ನೇ ಹೆಗಲ ಮೇಲೆ ಹೊತ್ತಿರುವಂತಿದೆ ಎಂದು ಅಟ್ಲಾಸ್ ಎಂದರು. ಆ ಅಂಚನ್ನು ಹಿಡಿದು ನಿಲ್ಲಿಸುವುದರಲ್ಲಿ ಹೆಚ್ಚಿನ ಪಾಲು ಜಾನಸ್ ಎಂಬ ಇನ್ನೊಂದು ಚಂದ್ರನದು ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಬದಲಾಗಲಿಲ್ಲ.

ನಿಮ್ಮ ಧೂಮಕೇತುವಿನ ಕಥೆ ಬೇರೆ. ಅಲ್ಲಿ ಪುರಾಣ ಹಿಂಬಾಗಿಲಿನಿಂದ ಬಂದದ್ದು. ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳ ಬಗ್ಗೆ ಕೊನೆಯ ಗಳಿಗೆಯ ಎಚ್ಚರಿಕೆ ಕೊಡುವ ದೂರದರ್ಶಕಗಳ ಜಾಲವೊಂದನ್ನು ಹವಾಯಿ ವಿಶ್ವವಿದ್ಯಾಲಯದವರು ನಡೆಸುತ್ತಾರೆ. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಅಟ್ಲಾಸ್ ಆಗುತ್ತದೆ. ಧೂಮಕೇತುವಿಗೆ ಕಂಡುಹಿಡಿದವರ ಹೆಸರಿಡುವುದು ಪದ್ಧತಿಯಾದ್ದರಿಂದ, ಈ ಜಾಲ ಹಿಡಿದ ಪ್ರತಿಯೊಂದಕ್ಕೂ ಆ ಹೆಸರು ಅಂಟುತ್ತದೆ. 2024ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರಿನಲ್ಲಿ ಬೆಂಗಳೂರಿನವರೂ ಫೋಟೊ ತೆಗೆದದ್ದು ಸುಚಿನ್‌ಶಾನ್-ಅಟ್ಲಾಸ್, ಚೀನಾದ ವೀಕ್ಷಣಾಲಯದ ಜೊತೆ ಹಂಚಿಕೊಂಡ ಹೆಸರು. 2025ರ ಜುಲೈ 1ರಂದು ಚಿಲಿಯ ದೂರದರ್ಶಕಕ್ಕೆ ಸಿಕ್ಕ '3ಐ/ಅಟ್ಲಾಸ್' ನಮ್ಮ ಸೌರಮಂಡಲದ ಹೊರಗಿನಿಂದ ಬಂದದ್ದೆಂದು ಗುರುತಿಸಿದ ಮೂರನೆಯ ಆಕಾಶಕಾಯ. ಹಾಗಾಗಿ ಇವು ಒಂದೇ ಧೂಮಕೇತು ಮತ್ತೆ ಮತ್ತೆ ಬರುತ್ತಿರುವುದಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 2012ರ ಜುಲೈ 4ರಂದು ಹಿಗ್ಸ್ ಕಣದ ಪತ್ತೆ ಘೋಷಿಸಿದ ಎರಡು ತಂಡಗಳಲ್ಲೊಂದಾದ ಅಟ್ಲಾಸ್ ಕೂಡ ಹೀಗೆ ಅಕ್ಷರ ಕೂಡಿಸಿದ್ದೇ, ಅದಕ್ಕಾಗಿ ಕೊನೆಯ ಅಕ್ಷರವನ್ನು ಪದದ ಬಾಲದಿಂದ ಎಳೆದು ತಂದಿದ್ದಾರೆ. ಆ ಯಂತ್ರದ ಉದ್ದ 46 ಮೀಟರ್, ತೂಕ 7,000 ಟನ್. ಹೆಸರು ಮೊದಲು ಮನಸ್ಸಿಗೆ ಬಂದು, ವಿಸ್ತರಣೆ ಆಮೇಲೆ ಹೊಂದಿಸಿದ್ದು ಎಂಬುದು ನನ್ನ ಊಹೆ.

ಹೆಸರಿನ ಮೂಲಾರ್ಥ? ಹೊರು, ಸಹಿಸು ಎಂಬ ಅರ್ಥದ ಧಾತುವೊಂದರಿಂದ ಬಂದದ್ದೆಂದು ಬಹುಕಾಲದಿಂದ ವಿವರಿಸುತ್ತ ಬಂದಿದ್ದಾರೆ. ಹಾಗಿದ್ದರೆ ತುಲಾಭಾರದಲ್ಲಿರುವ ಸಂಸ್ಕೃತದ 'ತುಲಾ'ಕ್ಕೂ ಇದಕ್ಕೂ ದೂರದ ನಂಟು. ಗ್ರೀಕರಿಗೂ ಮೊದಲು ಅಲ್ಲಿದ್ದವರ ಭಾಷೆಯ ಹೆಸರಿರಬೇಕು ಎನ್ನುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಎರಡು ವಾದಗಳಿಗೂ ಬಲವಿದೆ.

ಉಳಿದದ್ದು ನಿಮ್ಮ ಸ್ನೇಹಿತರ ರೇಷ್ಮೆ. ಈ ಕುಟುಂಬಕ್ಕೆ ಸೇರದ ಅಟ್ಲಾಸ್ ಅದೇ. ಅರಬ್ಬಿಯಲ್ಲಿ ನುಣುಪಾದದ್ದು ಎಂಬ ಅರ್ಥದ ಪದ ಅದು, ಸ್ಯಾಟಿನ್ ಬಟ್ಟೆಗೆ ಹೆಸರಾಗಿ ಪಾರ್ಸಿ, ಉರ್ದು, ತುರ್ಕಿ ಭಾಷೆಗಳಿಗೆಲ್ಲ ಹರಡಿತು. ಉಜ್ಬೆಕಿಸ್ತಾನದ ಫರ್ಗಾನಾ ಕಣಿವೆಯ ಮರ್ಗಿಲಾನ್ ಅದಕ್ಕೆ ಹೆಸರಾದ ಊರು. ನೂಲನ್ನು ಕಟ್ಟಿ ಬಣ್ಣದಲ್ಲಿ ಅದ್ದಿ, ಆಮೇಲೆ ನೇಯುವುದರಿಂದ ಬಣ್ಣಗಳ ಅಂಚು ಒಂದಕ್ಕೊಂದು ಕದಡಿದಂತೆ ಕಾಣುತ್ತದೆ. ಜರ್ಮನ್ ನಿಘಂಟಿನಲ್ಲಿ ಇವೆರಡೂ ಪದಗಳು ಒಂದೇ ಕಾಗುಣಿತದಲ್ಲಿ ಅಕ್ಕಪಕ್ಕ ಕೂತಿವೆ, ಒಂದಕ್ಕೆ ನಕಾಶೆ ಪುಸ್ತಕ ಎಂದರ್ಥ, ಇನ್ನೊಂದಕ್ಕೆ ಸ್ಯಾಟಿನ್. ಇಲ್ಲಿ ಇನ್ನೊಂದು ಗೊಂದಲಕ್ಕೂ ಅವಕಾಶವಿದೆ: ನಿಮ್ಮ ಗೋಡೆಯ ಮೇಲಿನ ಅಟ್ಲಾಸ್ ಪತಂಗದ ಗೂಡಿನಿಂದಲೂ ಫಗಾರಾ ಎಂಬ ಕಂದು ಬಣ್ಣದ ಒರಟು ರೇಷ್ಮೆ ತೆಗೆಯುತ್ತಾರೆ. ಮರ್ಗಿಲಾನಿನ ಅಟ್ಲಾಸ್ ಬಟ್ಟೆ ಅದರಿಂದ ಆದದ್ದಲ್ಲ, ಅದು ಹಿಪ್ಪುನೇರಳೆ ತಿಂದು ಬೆಳೆದ ಹುಳುವಿನ ನೂಲು, ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನದೇ ಜಾತಿ.